ನಮ್ಮ ಪ್ರಯೋಗಶಾಲೆಯ ಕಿಟಕಿ ದೊಡ್ಡದಾದ ಮೇಲೆ

ದೇವರ ದಯೆ, ನಾನು ಜವಾನನಾಗಿರುವ ಪ್ರಯೋಗಶಾಲೆಯಲ್ಲಿ ನಗು ಬಾರದ ವಾರವೇ ಇಲ್ಲ. ಶಾಲೆ ಕನ್ನಡದ್ದು, ಇರುವುದು ಪುಣೆಯ ನಿಗಡಿಯಲ್ಲಿ. ವಿಜ್ಞಾನದ ಅಕ್ಕೋರು ಹಟ ಹಿಡಿದು ಕಿಟಕಿ ದೊಡ್ಡದು ಮಾಡಿಸಿದರು, ಹಳೇ ಬೆಂಚುಗಳನ್ನೇ ಮೇಜು ಮಾಡಿಸಿದರು, ಫ್ಯಾನಿಗೆಂದು ಮಾಳಿಗೆ ಮೇಲೆ ಸೋಲಾರ್ ಹಾಕಿಸಿದರು. ಶಾಲೆಯ ಅಧ್ಯಕ್ಷರು ಮಾತ್ರ, "ಒಂದು ವರ್ಷ ನೋಡ್ತೀನಿ. ಹುಡುಗ್ರಿಗೆ ಉಪಯೋಗ ಆಗಲಿಲ್ಲಂದ್ರ ಈ ಖೋಲಿ ಆಫೀಸಿಗೆ ಬೇಕು" ಅಂದಿದ್ದರು.

೧. ಮೇಲಿನ ಪೂಜೆ

ಖಂಡೆನವಮಿಗೆ ಎಲ್ಲ ಉಪಕರಣಗಳಿಗೂ ಪೂಜೆ ಮಾಡುವವನು ನಾನು. ತಕ್ಕಡಿಗೆ ಕುಂಕುಮ, ಸೂಕ್ಷ್ಮದರ್ಶಕಕ್ಕೆ ಹೂವು. ದಿನವಿಡೀ ಬಿಸಿಲಲ್ಲಿ ದುಡಿಯುವ ಸೋಲಾರ್ ಏನು ಪಾಪ ಮಾಡಿತ್ತು? ಮಾಳಿಗೆ ಹತ್ತಿ ಅದಕ್ಕೂ ಅಂಗೈ ಅಗಲದ ಮೂರು ವಿಭೂತಿ ಪಟ್ಟೆ ಬಳಿದೆ. ಕೆಳಗೆ ಫ್ಯಾನು ಜಪಕ್ಕೆ ಕುಳಿತಂತೆ ನಿಧಾನವಾಯಿತು.

"ಮ್ಯಾಲ ಏನ್ ಮಾಡೀರಿ?"

"ಪೂಜಾ ಮಾಡೀನ್ರಿ, ಅಕ್ಕೋರ."

ಬೈಯುತ್ತಾರೆ ಅಂದುಕೊಂಡೆ. ಅವರು ಮಕ್ಕಳನ್ನೆಲ್ಲ ಮೇಲೆ ಕರೆಸಿ, ಒಂದೊಂದೇ ಪಟ್ಟೆ ಒರೆಸಿಸಿ, ಪ್ರತಿ ಸಲ ಕರೆಂಟು ಅಳೆಸಿದರು. ಕೊನೆಗೆ, "ಮುಂದಿನ ವರ್ಷನೂ ಹಿಂಗ ಹಚ್ಚರಿ, ಪಾಠಕ್ಕ ಬೇಕಾಗ್ತದ" ಅಂದರು. ನನ್ನ ಭಕ್ತಿ ಹೀಗೆ ಪಠ್ಯಕ್ರಮ ಸೇರಿತು.

೨. ಕಾವಲು

ಕೈ ತೊಳೆದ ನೀರು ಹೊರಗಿನ ಗಿಡಗಳಿಗೆ ಹೋಗಲೆಂದು ಅಕ್ಕೋರು ಪೈಪು ಹಾಕಿಸಿದ್ದರು. ಬೇರೇನೂ ಸುರಿಯಬಾರದು ಅಂತ ಬೋರ್ಡು ಬರೆದರೂ ಯಾರೂ ಕೇಳಲಿಲ್ಲ. ನಾನು ಪೈಪಿನ ಬಾಯಿಗೆ ಒಂದು ತುಳಸಿ ನೆಟ್ಟೆ. ಮರುದಿನದಿಂದ ಮಕ್ಕಳದೇ ಕಾವಲು. ಗಣಿತದ ಮಾಸ್ತರರು ಚಹಾದ ಕಪ್ಪು ತೊಳೆಯಲು ಬಂದರೆ, "ಸರ್, ತುಳಸವ್ವಗ ಚಹಾ ಕುಡಸ್ತೀರೇನು?" ಅಂತ ಸುತ್ತುಗಟ್ಟಿದರು. ಪಾಪ, ಅಂದಿನಿಂದ ಅವರು ಚಹಾಕ್ಕೆ ಬೀದಿಯ ಗಾಡಿಗೇ ಹೋಗುತ್ತಾರೆ.

೩. ಹನ್ನೊಂದೂ ಹತ್ತು

ವರ್ಷ ತುಂಬಿತು, ಅಧ್ಯಕ್ಷರು ಬಂದರು. ದೀಪ ಹಾಕದೆ ಮೇಜಿನ ಮೇಲೆ ಬೆಳಕು ಎಷ್ಟು ಬೀಳುತ್ತದೆ ಅಂತ ಒಂಬತ್ತನೇ ಇಯತ್ತೆಯ ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಮೀಟರಿನಲ್ಲಿ ಅಳೆಯುತ್ತಿದ್ದರು. ಅಧ್ಯಕ್ಷರದು ಭಾರೀ ದೇಹ. ಸೊಂಟಕ್ಕೆ ಕೈಯಿಟ್ಟು ಸರಿಯಾಗಿ ಕಿಟಕಿಯಲ್ಲೇ ನಿಂತರು.

"ಕಾಕಾ, ಸ್ವಲ್ಪ ಸರೀರಿ," ಅಂದಳು ಒಬ್ಬ ಹುಡುಗಿ. ಅವರು ಕೇಳಿಸಿಕೊಳ್ಳಲಿಲ್ಲ. ಅವಳು ವಹಿಯಲ್ಲಿ ಏನೋ ಬರೆದಳು.

"ಏನ್ ಬರದಿ, ತಾ ಇಲ್ಲಿ" ಅಂತ ಇಸಿದುಕೊಂಡು ಅವರೇ ಗಟ್ಟಿಯಾಗಿ ಓದಿದರು: "ಹನ್ನೊಂದೂ ಹತ್ತು. ಬೆಳಕು ಅರ್ಧ. ಕಾರಣ: ಅಧ್ಯಕ್ಷರು."

ಅಕ್ಕೋರ ಮುಖ ಬಿಳಿಚಿತು. ನಾನು ಮನೆದೇವರಿಗೆ ಕಾಯಿ ಹರಸಿಕೊಂಡೆ. ಅಧ್ಯಕ್ಷರು ಎರಡನೇ ಸಲ ಓದಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ಅಕ್ಕೋರ, ಆಫೀಸಿಗೆ ಬ್ಯಾರೆ ಜಾಗಾ ನೋಡ್ತೀವಿ. ನಿಮ್ಮ ಹುಡುಗ್ರು ಖರೇನ ಕಲಿತಾರ" ಅಂದು ವಹಿ ಕೊಟ್ಟು ಪಕ್ಕಕ್ಕೆ ಸರಿದರು.

ಹುಡುಗಿ ನಗಲಿಲ್ಲ. ಹೊತ್ತಿಗೆ ಸರಿಯಾಗಿ ಮೀಟರು ನೋಡಿ ಬರೆದಳು: "ಹನ್ನೊಂದೂ ಇಪ್ಪತ್ತು. ಅಧ್ಯಕ್ಷರು ಸರಿದರು. ಬೆಳಕು ಪೂರ್ತಿ."