ಥರೋಲಿ ರಿವೈಸ್ಡ್

‘ತಪ್ಪಿಲ್ಲದ ಬರವಣಿಗೆಗೆ ಹದಿನಾಲ್ಕು ಪಾಠಗಳು’ ಪುಸ್ತಕದ ಎರಡನೇ ಮುದ್ರಣದಲ್ಲಿ ಕರಡು ತಿದ್ದುವವನು ತೆಗೆದುಹಾಕಿದ್ದು ಒಂದೇ ಒಂದು ಅಲ್ಪವಿರಾಮ, ನಲವತ್ತೊಂದನೇ ಪುಟದಲ್ಲಿ. ಉಳಿದ ತಪ್ಪುಗಳು ಅವನ ಕಣ್ಣಿಗೆ ಬೀಳಲಿಲ್ಲವೆಂದಲ್ಲ. ತೋರಿಸಿದಾಗ ಮುದ್ರಣಾಲಯದ ಯಜಮಾನರು, “ಹಳೇ ಪ್ಲೇಟೇ ಓಡ್ಲಿ, ಕೈ ಹಚ್ಚಬೇಡಿ” ಎಂದಿದ್ದರು.

ಈಗ ಅದೇ ಯಜಮಾನರು ಮುಖಪುಟ ಹಿಡಿದು ಬಂದರು. “ಬರೀ ಎರಡನೇ ಮುದ್ರಣ ಅಂದ್ರೆ ಯಾರ್ರೀ ಮೂಸ್ತಾರೆ? ರಿವೈಸ್ಡ್ ಎಡಿಷನ್ ಅಂತ ಹಾಕಿ.”

“ಒಂದೇ ಅಲ್ಪವಿರಾಮ ಸಾರ್...”

“ತೆಗೆದ್ರೋ ಇಲ್ವೋ? ಅದೇ ರಿವಿಷನ್ನು!”

ರಟ್ಟು ಕಟ್ಟುವಾಕೆ ಅಂಟಿನ ಕೈ ಒರೆಸಿಕೊಳ್ಳುತ್ತ ಬಾಯಿ ಹಾಕಿದಳು. “ರಿವೈಸ್ಡ್ ಅಷ್ಟೇ ಆದ್ರೆ ಬೋಳುಬೋಳು. ಎನ್‌ಲಾರ್ಜ್ಡ್ ಅಂತಾನೂ ಸೇರಿಸಿ.”

“ಒಂದು ಪುಟಾನೂ ಹೆಚ್ಚಿಲ್ಲವಲ್ಲಮ್ಮ!”

“ಈ ಸಲದ ಕಾಗದ ದಪ್ಪ. ಬೇಕಾದ್ರೆ ಅಳೆದು ನೋಡಿ.”

ಸಾಲಿನ ಕೊನೆಗೆ ಜಾಗ ಉಳಿಯಿತೆಂದು ಅಕ್ಷರ ಜೋಡಿಸುವವನು ‘ಅಪ್‌ಡೇಟೆಡ್’ ಸೇರಿಸಿದ. ಮೊದಲಲ್ಲೂ ಉಳಿಯಿತೆಂದು ‘ಥರೋಲಿ’ ತುರುಕಿದ. ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಹೆಸರು, ಬೀಗರೆಲ್ಲ ನುಗ್ಗಿದ ಫೋಟೋದಲ್ಲಿ ಮೂಲೆಗೆ ಸರಿದ ಮದುಮಗನಂತೆ ಇಣುಕುತ್ತಿತ್ತು.

ಆಗಲೇ ಲೇಖಕರು ಬಂದರು. ನಿವೃತ್ತ ಹೆಡ್‌ಮಾಸ್ತರರು, ಸುಳ್ಳು ಕಂಡರೆ ಉರಿದು ಬೀಳುವವರು.

ಅವರು ಕನ್ನಡಕ ಒರೆಸಿ ಮುಖಪುಟವನ್ನು ಎರಡು ಸಲ ಓದಿದರು. “ಥರೋಲಿನಾ?”

ಯಜಮಾನರು ಕರಡು ತಿದ್ದುವವನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲಾ ಇವರದೇ ಕೆಲಸ, ಮೇಷ್ಟ್ರೇ!”

ಮೇಷ್ಟರ ಕಣ್ಣು ತುಂಬಿ ಬಂತು. “ನನ್ನ ಹಳೇ ಶಿಷ್ಯರೇ ಇನ್ನೂರು ತಪ್ಪು ಪಟ್ಟಿ ಮಾಡಿ ಕಾಗದ ಬರೆದಿದ್ರು. ತಲೆ ಎತ್ತಿ ಓಡಾಡೋ ಹಾಗಿರಲಿಲ್ಲ. ಕಣ್ಣು ಮಂಜು, ನನ್ನ ಕೈಲಾಗ್ಲಿಲ್ಲ. ನೀವು ಮಾಡಿದ್ರಲ್ಲಪ್ಪ!” ಎಂದು ಕೈಮುಗಿದರು.

ಇಪ್ಪತ್ತು ವರ್ಷದಲ್ಲಿ ಅವನಿಗೆ ಯಾರೂ ಹೀಗೆ ಕೈಮುಗಿದಿರಲಿಲ್ಲ. ನಿಜ ಹೇಳಲು ಬಾಯಿ ತೆರೆದ. ಹೆಗಲ ಮೇಲಿನ ಕೈ ಬಿಗಿಯಾಯಿತು.

“ಅಂಥ ದೊಡ್ಡ ಕೆಲಸ ಏನಲ್ಲ ಸಾರ್” ಎಂದುಬಿಟ್ಟ. ಅದು ಮಾತ್ರ ಅಪ್ಪಟ ಸತ್ಯ.

“ಉಹುಂ, ನಾನು ಒಪ್ಪಲ್ಲ. ನನ್ನ ಹೆಸರು ಕೆಳಗಿಳಿಸಿ. ಮೇಲೆ ‘ರಿವೈಸ್ಡ್ ಬೈ’ ಅಂತ ಇವರ ಹೆಸರು ದಪ್ಪಕ್ಷರದಲ್ಲಿ ಬರ್ಲಿ. ಜೊತೆಗೆ ಮನೆ ವಿಳಾಸಾನೂ ಹಾಕಿ. ಓದಿದೋರ ಕಾಗದವೆಲ್ಲ ಇನ್ಮೇಲೆ ಇವರಿಗೇ ಸೇರಬೇಕು.”

ಯಜಮಾನರು ಆ ಕ್ಷಣವೇ ಒಪ್ಪಿದರು.

ಸಂಜೆ ಮೊದಲ ಪ್ರತಿ ಕೈಗೆ ಬಂತು. ಅವನು ತನ್ನ ಹೆಸರು, ವಿಳಾಸಗಳನ್ನು ಅಕ್ಷರ ಅಕ್ಷರವಾಗಿ ಮೂರು ಸಲ ನೋಡಿದ. ಇಡೀ ಪುಸ್ತಕದಲ್ಲಿ ತಪ್ಪಿಲ್ಲದೆ ಅಚ್ಚಾದದ್ದು ಆ ಎರಡೇ ಸಾಲು.