ವೈರಸ್ಸಿಗೆ ಬಾಗಿಲು ಹಾಕುವ ಕೆಲಸ

ಕಲ್ಕತ್ತೆಯಲ್ಲಿ ನಾನೇನು ಕೆಲಸ ಮಾಡುತ್ತೇನೆಂದು ಯಾರಿಗೆ ವಿವರಿಸಲು ಹೋದರೂ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಓದಿದವರೆಲ್ಲ ಕಂಪ್ಯೂಟರ್ ಕಂಪನಿ ಸೇರುತ್ತಿದ್ದ ಕಾಲ. ನಾನು ಮಾತ್ರ ಒಂದು ಸಣ್ಣ ಪ್ರಯೋಗಾಲಯದಲ್ಲಿ ವೈರಸ್ ಹಿಂದೆ ಬಿದ್ದಿದ್ದೆ.

೧. ಅತ್ತೆಗೆ ಅರ್ಥವಾದದ್ದು

ಮದುವೆಯಾದ ಹೊಸತು. ಉಡುಪಿಯಿಂದ ಬಂದಿದ್ದ ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದರು. ವೈರಸ್ ಬಂದು ಜೀವಕೋಶಕ್ಕೆ ಅಂಟಿಕೊಂಡರೆ ಒಳಗೆ ಒಂದು ಸಂದೇಶ ಹೋಗುತ್ತದೆ, ಬಾಗಿಲು ತೆರೆಯುತ್ತದೆ. ಆ ಸಂದೇಶ ತಡೆಯುವ ರಾಸಾಯನಿಕ ಹಾಕಿದರೆ ವೈರಸ್ ಹೊರಗೇ ಉಳಿಯುತ್ತದೆ, ಅಂಥದ್ದನ್ನು ಹುಡುಕುತ್ತೇವೆ ಎಂದೆ. ಗಮನವಿಟ್ಟು ಕೇಳಿದರು. ಸಂಜೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು: "ಅಷ್ಟು ಓದಿ ಕಡೆಗೆ ವಾಚ್‌ಮನ್ ಕೆಲಸ ಮಾರಾಯ್ತಿ. ಆದರೂ ಹುಡುಗಿ ಖುಷಿಯಲ್ಲೇ ಉಂಟು."

೨. ಸಂದೇಶ್ ಪೆಟ್ಟಿಗೆ

ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ರಾಸಾಯನಿಕ ಕೈಹಿಡಿಯಿತು. ಒಂದೇ ಒಂದು ವೈರಸ್ಸೂ ಕೋಶದೊಳಗೆ ಹೋಗಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಬಂಗಾಳಿ ಮೇಷ್ಟರು ಹಿಗ್ಗಿ ಊಟದ ಕೋಣೆಗೆ ದೊಡ್ಡ ಪೆಟ್ಟಿಗೆ ಸಂದೇಶ್ ಮಿಠಾಯಿ ತರಿಸಿದರು. ನಾವು ಕೈ ಹಾಕುವಷ್ಟರಲ್ಲಿ ಕೋಶಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೋದವರು ಮುಖ ಸಣ್ಣ ಮಾಡಿಕೊಂಡು ಬಂದರು. ರಾಸಾಯನಿಕ ಹೆಚ್ಚಾಗಿ ಕೋಶಗಳೇ ಸತ್ತುಹೋಗಿದ್ದವು. ಇನ್ನು ವೈರಸ್ಸಿಗೆ ಬಾಗಿಲು ತೆಗೆಯುವವರು ಯಾರು? ಪೆಟ್ಟಿಗೆಗೆ ಯಾರೂ ಕೈ ಹಾಕಲಿಲ್ಲ. ಕೊನೆಗೆ ಮೇಷ್ಟರೇ ಪೆಟ್ಟಿಗೆ ಮುಂದೆ ತಳ್ಳಿದರು. "ತಿನ್ನಿ, ತಿನ್ನಿ. ಶ್ರಾದ್ಧಕ್ಕೂ ಸಿಹಿ ಇರುತ್ತದಲ್ಲ."

೩. ತುಂಬಿದ ಸಭೆ

ಪ್ರಮಾಣ ಇಳಿಸಿದ ಮೇಲೆ ಕೋಶಗಳೂ ಬದುಕಿದವು, ವೈರಸ್ಸೂ ಹೊರಗುಳಿಯಿತು. ಸುದ್ದಿ ಕೇಳಿ ಲೇಕ್ ಮಾರ್ಕೆಟ್ ಕಡೆಯ ನಮ್ಮ ಕನ್ನಡ ಬಳಗದವರು ಭಾಷಣಕ್ಕೆ ಕರೆದರು. ಹೋಗಿ ನೋಡಿದರೆ ಕೂರಲು ಜಾಗವಿಲ್ಲ. ವಿಜ್ಞಾನಕ್ಕೆ ಇಷ್ಟು ಜನರೇ ಎಂದು ಕಣ್ಣು ತುಂಬಿ ಬಂತು. ಬಾಗಿಲಲ್ಲಿ ಹಾಕಿದ್ದ ಬೋರ್ಡನ್ನು ನಾನು ಓದಿರಲಿಲ್ಲ: "ಸೆಲ್ ಸಿಗ್ನಲ್: ಹೊಸ ಸಂಶೋಧನೆ."

ಭಾಷಣ ಮುಗಿದ ಮೇಲೆ ಧಾರವಾಡ ಕಡೆಯ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ಎದ್ದರು.

"ಮೇಡಮ್ಮರ, ಔಷಧ ಹಾಕಿದ್ರ ಸೆಲ್ಲಿನ ಸಿಗ್ನಲ್ ಕಟ್ ಆಗ್ತದ ಅಂದ್ರಿ. ಖರೇನ?"

ಹೌದೆಂದೆ.

"ನನಗ ಸಿಗ್ನಲ್ ಯಾಕ ಸಿಗೂದಿಲ್ಲಂತ ಈಗ ತಿಳೀತ್ರಿ. ನಾ ಬಿ.ಪಿ. ಗುಳಿಗಿ, ಸೆಲ್ ಫೋನು ಎರಡೂ ಒಂದ ಕಿಸೇದಾಗ ಇಟ್ಕೋತೀನಿ."

ಸಭೆ ನಗಲಿಲ್ಲ. ಹಲವರು ಮೆಲ್ಲಗೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಕೆಲವು ವಾರಗಳ ನಂತರ ಕಾಫಿಪುಡಿ ಅಂಗಡಿಯಲ್ಲಿ ಸಿಕ್ಕ ಅದೇ ಅಧಿಕಾರಿ ನನ್ನ ಕೈ ಹಿಡಿದುಕೊಂಡೇ ಬಿಟ್ಟರು. ಪ್ರಯೋಗಾಲಯದ ಹೊರಗೆ ನನ್ನ ಸಂಶೋಧನೆಯಿಂದ ಗುಣ ಕಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ಗುಳಿಗಿ ಪ್ಯಾಂಟಿನ ಕಿಸೇಕ್ಕ ಹಾಕಿದೆ ನೋಡ್ರಿ, ಈಗ ಸಿಗ್ನಲ್ ಭಾಳ ಚಲೋ ಬರ್ತದ."