ಕಾಡು ವಿಮಾನಕ್ಕೊಬ್ಬ ತೂಕದ ಮನುಷ್ಯ

ಅಬುಧಾಬಿಯ ಬನಿಯಾಸಿನಲ್ಲಿ ಮೋಹನದಾಸನನ್ನು ಎಲ್ಲರೂ ‘ತೂಕದ ಮನುಷ್ಯ’ ಎನ್ನುತ್ತಿದ್ದುದು ಅವನ ಮಾತಿಗೆ ತೂಕವಿದೆ ಎಂದಲ್ಲ. (ಅವನ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಹೆಂಡತಿ ಹರಿಣಾಕ್ಷಿ ಬಲ್ಲಳು, ಕೇಳಿದರೆ ಹೇಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ.) ಭಟ್ಕಳದ ಖಮರುದ್ದೀನ್ ಸಾಹೇಬರ ಕಾರ್ಗೋ ಅಂಗಡಿಯಲ್ಲಿ ಊರಿಗೆ ಹೋಗುವ ರಟ್ಟಿನ ಪೆಟ್ಟಿಗೆಗಳನ್ನು ತಕ್ಕಡಿಗೆ ಏರಿಸಿ ಇಳಿಸುತ್ತ ಅವನು ಇಪ್ಪತ್ತನಾಲ್ಕು ವರ್ಷ ಸವೆಸಿದ್ದ. ಪೆಟ್ಟಿಗೆಯನ್ನು ಎತ್ತಿ ನೋಡುವುದೂ ಬೇಡ, ಹೊತ್ತು ತರುವವನ ಮುಖ ನೋಡಿಯೇ ‘ಇಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ’ ಎಂದುಬಿಡುತ್ತಿದ್ದ. ಸೂಟ್‌ಕೇಸಿಗೆ ಹಿಡಿಸದ್ದನ್ನು ಕೋಟಿನ ಕಿಸೆಗಳಿಗೆ ತುಂಬಿ, ಉರಿಬಿಸಿಲಿನ ಮೇ ತಿಂಗಳಲ್ಲೂ ಕೋಟು ಧರಿಸಿ ಮಂಗಳೂರು ವಿಮಾನ ಹತ್ತುವ ವಿದ್ಯೆಗೆ ತಾನೇ ಮೂಲಪುರುಷ ಎಂದು ಅವನ ಅಂಬೋಣ. ಅವನ ಶಿಷ್ಯನೊಬ್ಬ ಕಿಸೆಯೊಳಗೇ ಮಿಕ್ಸಿಯನ್ನು ಮೂರು ಜಾರುಗಳ ಸಮೇತ ಕಾರ್ಕಳಕ್ಕೆ ಮುಟ್ಟಿಸಿದ್ದುಂಟು.

ಇಷ್ಟೆಲ್ಲ ತೂಗಿದವನ ಸ್ವಂತ ತೂಕ ಮಾತ್ರ ಐವತ್ನಾಲ್ಕು ಕಿಲೋ. ಗಲ್ಫಿಗೆ ಬಂದ ದಿನ ಎಷ್ಟಿತ್ತೋ ಇಂದಿಗೂ ಅಷ್ಟೇ. ಅವನಿಗೆ ಅದು ಹೆಮ್ಮೆ, ಹರಿಣಾಕ್ಷಿಗೆ ಅದು ಕಳಂಕ. ಊರಿಗೆ ಹೋದಾಗಲೆಲ್ಲ ನೆಂಟರು ಮೊದಲು ಅವನ ಕೆನ್ನೆಯ ಗುಳಿ ನೋಡಿ, ಆಮೇಲೆ ಅವಳ ಮುಖ ನೋಡುತ್ತಿದ್ದರು.

ಎರಡು ಸಾವಿರದ ಹದಿನೈದನೆಯ ಇಸವಿಯಲ್ಲಿ ಊರಿಗೆ ಹೋಗಲೇಬೇಕಾದ ಕಾರಣವೊಂದಿತ್ತು. ಹರಿಣಾಕ್ಷಿಯ ಅಣ್ಣನ ಮಗಳು ಸುಪ್ರೀತಾಳಿಗೆ ಅಬುಧಾಬಿ ಸೀಮೆಯ ರುವೈಸಿನ ರಿಫೈನರಿಯಲ್ಲಿ ಇಂಜಿನಿಯರಾಗಿದ್ದ ಸುಶಾಂತನ ಸಂಬಂಧ ಕುದುರಿಸಿದವರು ಈ ದಂಪತಿಗಳೇ. ಸೆಪ್ಟೆಂಬರ್ ಹತ್ತಕ್ಕೆ ಉಡುಪಿಯಲ್ಲಿ ನಿಶ್ಚಿತಾರ್ಥ. ಹುಡುಗನ ಕಡೆಯವರಿಗೆ ಹುಡುಗಿಯ ಕಡೆಯಲ್ಲಿ ಗುರುತಿದ್ದದ್ದು ಮೋಹನದಾಸನ ಮುಖ ಒಂದೇ.

“ಎದುರಿನ ಸಾಲಲ್ಲಿ ನೀವು ನಿಲ್ಲದಿದ್ರೆ ನಾನು ಅಣ್ಣನಿಗೆ ಎಂತ ಮುಖ ತೋರಿಸುವುದು?” ಎಂದು ಹರಿಣಾಕ್ಷಿ ಜನವರಿಯಲ್ಲೇ ಕೇಳಿ ಇಟ್ಟಿದ್ದಳು. “ಈ ಸಲ ರಜೆ ಇಲ್ಲ ಅಂತ ಬಂದು ಹೇಳಿದ್ರೆ ಉಂಟು ನಿಮಗೆ.”

ಮೋಹನದಾಸ ರಜೆಯ ಅರ್ಜಿ ಹಿಡಿದು ಸಾಹೇಬರ ಕೋಣೆಗೆ ಹೋದ. ಸಾಹೇಬರು ಎಲೆಹಸಿರು ಮಚ್ಚೆಗಳ ಟೊಪ್ಪಿ ಹಾಕಿಕೊಂಡು ಕೂತಿದ್ದರು.

ಆ ಟೊಪ್ಪಿಯ ಹಿಂದೆ ಒಂದು ಕಥೆಯಿದೆ. ಹಿಂದಿನ ವರ್ಷ ಅಬುಧಾಬಿಯಲ್ಲಿ ನಡೆದ ಗಿಡುಗ ಮತ್ತು ಬೇಟೆ ಸಾಮಾನುಗಳ ಪ್ರದರ್ಶನಕ್ಕೆ ಸಾಹೇಬರು ಸುಮ್ಮನೆ ಗಿಡುಗ ನೋಡಲು ಹೋದವರು. ಬರುವಾಗ ತಲೆಯ ಮೇಲೆ ಟೊಪ್ಪಿ, ತಲೆಯ ಒಳಗೆ ಅಲಾಸ್ಕ. ಅಲ್ಲಿ ಮೂಸ್ ಎಂಬ ಪ್ರಾಣಿಯಿದೆಯಂತೆ. ಜಾತಿಯಲ್ಲಿ ಜಿಂಕೆ, ಎತ್ತರದಲ್ಲಿ ಒಂಟೆ, ಕೊಂಬು ಮಾತ್ರ ಮಂಚದಷ್ಟು ಅಗಲ. ನೀರಿನ ಮೇಲೇ ಇಳಿದು ಏಳುವ ಚಿಕ್ಕ ವಿಮಾನವೊಂದು ನಮ್ಮನ್ನು ಒಯ್ದು ಕಾಡಿನ ನಡುವಿನ ಕೆರೆಯಲ್ಲಿ ಇಳಿಸಿ ಹಾರಿಹೋಗುತ್ತದೆ. ಮಾರ್ಗದರ್ಶಿ ಇಲ್ಲ, ಯಾರೂ ಇಲ್ಲ; ನಮ್ಮ ಬೇಟೆ ನಮ್ಮದೇ. ಹತ್ತು ದಿನ ಬಿಟ್ಟು ವಿಮಾನ ವಾಪಸು ಬರುತ್ತದೆ. ಭಟ್ಕಳದ ಮನೆಯ ಗೋಡೆಯಲ್ಲಿ ಸಾಹೇಬರ ಅಜ್ಜ ಹೊಡೆದದ್ದೆಂಬ ಜಿಂಕೆಯ ಕೊಂಬಿತ್ತು. ಅದನ್ನು ಅಜ್ಜ ಹರಾಜಿನಲ್ಲಿ ಕೊಂಡದ್ದೆಂದು ಸಾಹೇಬರ ಹೆಂಡತಿ ಹಾಜರ ಮೂವತ್ತು ವರ್ಷಗಳಿಂದ ಹೇಳುತ್ತಿದ್ದರು. ಆ ಬಾಯಿ ಮುಚ್ಚಿಸಲು ಮಂಚದಗಲದ ಕೊಂಬೇ ಬೇಕೆಂದು ಸಾಹೇಬರು ನಿಶ್ಚಯಿಸಿದ್ದರು. ಜೊತೆಗೆ ಹೊರಟವನು ಅವರ ಹೆಂಡತಿಯ ತಮ್ಮ ಸಾಲಿಮ್.

“ರಜೆ ಕೊಡುವಾ,” ಎಂದರು ಸಾಹೇಬರು. “ಮೊದಲು ನನಗೊಂದು ವಿಮಾನ ಹುಡುಕಿಕೊಡು. ಎಲ್ಲ ತೂಕದ ಮೇಲೆ ಉಂಟು ಅಲ್ಲಿ. ನಿನಗಿಂತ ಒಳ್ಳೆ ಜನ ಯಾರಿದ್ದಾರೆ? ವಿಮಾನ ಫಿಕ್ಸ್, ರಜೆ ಫಿಕ್ಸ್. ಖಲಾಸ್.”

ಮೋಹನದಾಸ ಮನೆಗೆ ಬಂದು ಹೇಳಿದ. ಮನೆ ಎಂದರೆ ವಿಲ್ಲಾ. (ವಿಲ್ಲಾವನ್ನು ಮಾಲೀಕ ಹನ್ನೊಂದು ತುಂಡು ಮಾಡಿದ್ದ, ಇವರ ಪಾಲಿಗೆ ಬಂದದ್ದು ಹಿಂದೆ ಬಟ್ಟೆ ಒಗೆಯುತ್ತಿದ್ದ ತುಂಡು.) ಸಾಹೇಬರು ಕಾಡು ವಿಮಾನದಲ್ಲಿ ಮೂಸ್ ಹೊಡೆಯಲು ಹೋಗುತ್ತಾರೆ ಎಂದಾಗ ಹರಿಣಾಕ್ಷಿ, ಅಷ್ಟು ದೂರ ಹೋಗಿ ಎಂತದ್ದನ್ನು ಮೂಸುವುದು ಎಂದು ಕೇಳಿದಳು. ವಿಷಯ ಪೂರ್ತಿ ತಿಳಿದ ಮೇಲೆ, ಅದು ಕಾಡು ವಿಮಾನವಲ್ಲ, ನಮ್ಮನ್ನು ಕಾಡುವ ವಿಮಾನ ಎಂದು ತೀರ್ಪು ಕೊಟ್ಟು ಮೀನು ಕೊಯ್ಯಲು ಎದ್ದಳು.

ಮೋಹನದಾಸ ಮೂರು ವಿಮಾನದವರಿಗೆ ಪತ್ರ ಬರೆದ. ಮೊದಲನೆಯವರು ಹದಿನಾಲ್ಕು ಪುಟದ ಉತ್ತರ ಕಳಿಸಿದರು. ಅದರಲ್ಲಿ ಹದಿಮೂರು ಪುಟ, ಏನಾದರೂ ಆದರೆ ತಾವು ಹೊಣೆಯಲ್ಲ ಎಂಬುದನ್ನು ಹದಿಮೂರು ರೀತಿಯಲ್ಲಿ ಹೇಳಿತ್ತು. ಎರಡನೆಯವರದು ಸಕ್ಕರೆ ಪಾಕದಂಥ ಮಾತು: ಮೂಸ್‌ಗಳು ಕೆರೆದಂಡೆಗೆ ಬಂದು ಕಾದುಕೊಂಡಿರುತ್ತವೆ, ಮಳೆ ಬರಲಿ ಮಂಜು ಬರಲಿ ಹತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ವಿಮಾನ ಖಂಡಿತ ಬರುತ್ತದೆ. ಮೂರನೆಯವನು ಒಬ್ಬ ಮುದುಕ. ಅವನಿಗೆ ಇದ್ದದ್ದು ಒಂದೇ ವಿಮಾನ. ಹತ್ತನೆಯ ದಿನ ಬರುತ್ತೀಯಾ ಎಂಬ ಪ್ರಶ್ನೆಗೆ ಅವನ ಉತ್ತರ ಒಂದೂವರೆ ಸಾಲು. ‘ಹೇಳಲಾರೆ, ಆಕಾಶ ಬಿಟ್ಟರೆ ಬರುತ್ತೇನೆ. ವಾರಕ್ಕಾಗುವಷ್ಟು ಹೆಚ್ಚಿನ ಊಟ ಇಟ್ಟುಕೊಳ್ಳಿ.’

ಸಾಹೇಬರಿಗೂ ಸಾಲಿಮನಿಗೂ ಎರಡನೆಯವನೇ ಮೆಚ್ಚುಗೆಯಾದ. ಮೋಹನದಾಸ ಬಿಡಲಿಲ್ಲ.

“ಸಾಹೇಬ್ರೇ, ಪೆಟ್ಟಿಗೆ ಯಾವಾಗ ಮುಟ್ಟುತ್ತದೆ ಅಂತ ಗಿರಾಕಿ ಕೇಳಿದ್ರೆ ನಾವು ಎಂತ ಹೇಳುವುದು?”

“ಇಪ್ಪತ್ತೊಂದು ದಿನ, ಖಂಡಿತ.”

“ನಿಜಕ್ಕೂ ಮುಟ್ಟುವುದು ಯಾವಾಗ?”

ಸಾಹೇಬರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. ಹಿಂದೊಮ್ಮೆ ಕುಂದಾಪುರದ ಮಗುವೊಂದಕ್ಕೆ ಕಳಿಸಿದ ತೊಟ್ಟಿಲು, ಮಗು ಶಾಲೆಗೆ ಸೇರಿದ ಮೇಲೆ ಮುಟ್ಟಿತ್ತು. ಖಂಡಿತ ಎಂದವನನ್ನು ನಂಬಬಾರದು ಎಂಬುದು ಕಾರ್ಗೋದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುದುಕನೇ ಗೊತ್ತಾದ.

ಮುದುಕ ಎಲ್ಲರ ತೂಕ ಕೇಳಿದ. ಬೂಟು, ಬಟ್ಟೆ ಸಮೇತ, ಸುಳ್ಳಿಲ್ಲದೆ. ಜನ, ಸಾಮಾನು ಸೇರಿ ಮುನ್ನೂರ ಅರವತ್ತು ಕಿಲೋ ದಾಟಿದರೆ ವಿಮಾನ ನೀರು ಬಿಟ್ಟು ಏಳುವುದಿಲ್ಲವಂತೆ. ಸಾಹೇಬರು ನೂರ ಹನ್ನೆರಡು. ಸಾಲಿಮ್ ಎಂಬತ್ತು ಎಂದ. ಮೋಹನದಾಸ ಅವನನ್ನೊಮ್ಮೆ ನೋಡಿ ತೊಂಬತ್ತೆಂಟು ಎಂದು ಬರೆದ. ಉಳಿದ ನೂರೈವತ್ತು ಕಿಲೋದಲ್ಲಿ ಡೇರೆ, ಕೋವಿ, ಅಕ್ಕಿ, ತುಪ್ಪ, ಮಸಾಲೆ, ಹಾಜರ ಒತ್ತಾಯಿಸಿದ ಬಿರಿಯಾನಿ ಹಂಡೆ, ಎಲ್ಲವೂ ಗ್ರಾಮಿನ ಲೆಕ್ಕದಲ್ಲಿ ಕೂತವು. ಮುದುಕನ ಜೀವಮಾನದಲ್ಲೇ ಇಂಥ ಪಟ್ಟಿ ಬಂದಿರಲಿಲ್ಲ. ಮೆಚ್ಚಿ ಎರಡು ಸಾಲು ಬರೆದ.

ಕೊನೆಗೆ ಬೇಟೆ ಪರವಾನಗಿಯ ಫಾರಂ ಒಂದು ಉಳಿದಿತ್ತು. ಅದರಲ್ಲಿ ಮೂರು ಚೌಕ: ರೆಸಿಡೆಂಟ್, ನಾನ್ ರೆಸಿಡೆಂಟ್, ನಾನ್ ರೆಸಿಡೆಂಟ್ ಏಲಿಯನ್. ಮೋಹನದಾಸ ಹರಿಣಾಕ್ಷಿಯ ಅಭಿಪ್ರಾಯ ಕೇಳಿದ.

“ಊರಿನ ಬ್ಯಾಂಕಿನಲ್ಲಿ ನಾವು ನಾನ್ ರೆಸಿಡೆಂಟ್ ಅಲ್ವಾ?”

“ಅದು ಊರಿನಲ್ಲಿ. ಇಲ್ಲಿ ಪಾಸ್‌ಪೋರ್ಟಿನಲ್ಲಿ ರೆಸಿಡೆನ್ಸ್ ಅಂತ ಸೀಲು ಹೊಡೆದಿದ್ದಾರೆ ಮಾರಾಯ್ತಿ. ಸಾಹೇಬ್ರದ್ದು ಮೂವತ್ತು ವರ್ಷದ ರೆಸಿಡೆನ್ಸ್.”

“ಮತ್ತೆ ಏಲಿಯನ್ ಯಾರು?”

“ಬೇರೆ ಗ್ರಹದವರಿಗೂ ಒಂದು ಚೌಕ ಇಟ್ಟಿದ್ದಾರೆ, ಅಷ್ಟೆ. ಅಮೆರಿಕದವರಲ್ವಾ.”

ರೆಸಿಡೆಂಟ್ ಚೌಕದಲ್ಲಿ ಗುರುತು ಬಿತ್ತು. ರಜೆಯ ಅರ್ಜಿಗೆ ಸಾಹೇಬರ ಸಹಿ ಬಿತ್ತು. ಹರಿಣಾಕ್ಷಿ ಎರಡು ಟಿಕೆಟ್ ತೆಗೆಸಿ, ಗಂಡನಿಗೆ ಜರಿಯಂಚಿನ ಪಂಚೆಯನ್ನೂ ತರಿಸಿದಳು.

ಜೂನ್ ತಿಂಗಳಲ್ಲಿ, ಪಾಸ್‌ಪೋರ್ಟಿನ ಪ್ರತಿಗಳನ್ನು ನೋಡಿದ ಮುದುಕನಿಂದ ಮೊದಲ ಬಾರಿಗೆ ಉದ್ದದ ಪತ್ರ ಬಂತು. ರೆಸಿಡೆಂಟ್ ಎಂದರೆ ಅಲಾಸ್ಕದಲ್ಲಿ ವಾಸವಿರುವವರಂತೆ. ಬನಿಯಾಸ್ ಅಲಾಸ್ಕದಲ್ಲಿ ಇಲ್ಲವೆಂದು ಅವನು ನಕ್ಷೆ ನೋಡಿ ಖಚಿತಪಡಿಸಿಕೊಂಡಿದ್ದ. ನೀವು ಮೂರನೆಯ ಚೌಕದವರು, ಪರದೇಶದವರು ಅಲ್ಲಿ ಮಾರ್ಗದರ್ಶಿ ಇಲ್ಲದೆ ಮೂಸ್ ಹೊಡೆಯುವ ಹಾಗಿಲ್ಲ, ಪರವಾನಗಿಯುಳ್ಳ ಒಬ್ಬನನ್ನು ನಾನೇ ಗೊತ್ತು ಮಾಡಿದ್ದೇನೆ, ಆದರೆ ಅವನೂ ಇದೇ ವಿಮಾನದಲ್ಲಿ ಕೂರಬೇಕು, ಅವನ ತೂಕ ನೂರ ಇಪ್ಪತ್ತು ಕಿಲೋ.

ಸಾಹೇಬರು ಪತ್ರ ಓದಿ ಮಡಚಿಟ್ಟರು. “ಮೂವತ್ತು ವರ್ಷದ ಮೇಲೆ ನನ್ನನ್ನು ಏಲಿಯನ್ ಮಾಡಿದೆಯಲ್ಲ ಮೋಹನದಾಸ್,” ಎಂದು ಮಾತ್ರ ಅಂದರು. ಆಮೇಲೆ ಇಬ್ಬರೂ ಕೂತು ಹೊಸ ಲೆಕ್ಕ ಹಾಕಿದರು. ಹಂಡೆ ಹೋಯಿತು, ತುಪ್ಪ ಹೋಯಿತು, ಮಡಚುವ ಮಂಚ ಹೋಯಿತು. ಸಾಮಾನು ಎಪ್ಪತ್ತೆರಡು ಕಿಲೋಗೆ ಇಳಿಯಿತು. ಮಾರ್ಗದರ್ಶಿಯನ್ನೂ ಸಾಹೇಬರನ್ನೂ ಕೂರಿಸಿದ ಮೇಲೆ ಉಳಿದದ್ದು ಐವತ್ತಾರು ಕಿಲೋ. ಸಾಲಿಮನನ್ನು ಅರ್ಧ ಮಾಡಿ ಒಯ್ಯುವಂತಿರಲಿಲ್ಲ. ಹತ್ತು ದಿನ ಭಾಷೆ ಗೊತ್ತಿಲ್ಲದ ಒಬ್ಬನ ಜೊತೆ ಕಾಡಿನಲ್ಲಿ ನಾನೊಬ್ಬನೇ ಹೇಗಿರಲಿ, ಅನ್ನಕ್ಕೆ ನೀರಿಡಲಾದರೂ ನಮ್ಮವನೊಬ್ಬ ಬೇಡವೇ ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. ಮೋಹನದಾಸನೂ ಜೊತೆಗೆ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ತನ್ನ ಕಡೆಗೇ ಬೀಸುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಮರುದಿನ ಅವನು ಸ್ನಾನಕ್ಕೆ ಹೋಗಿದ್ದಾಗ ಸಾಹೇಬರ ಫೋನು ಬಂತು. ಹರಿಣಾಕ್ಷಿ ಎತ್ತಿದಳು. ಮೋಹನದಾಸನ ತೂಕ ಎಷ್ಟು ಎಂದು ಅವರು ಕೇಳಿದರು. ಇಪ್ಪತ್ತನಾಲ್ಕು ವರ್ಷಗಳಿಂದ ಯಾರಾದರೊಬ್ಬರು ಈ ಪ್ರಶ್ನೆ ಕೇಳಲಿ ಎಂದು ಕಾದವಳಿಗೆ ಎದೆ ತುಂಬಿ ಬಂತು.

“ಐವತ್ನಾಲ್ಕು, ಸಾಹೇಬ್ರೇ. ನಾನು ಎಂತ ಮಾಡಿ ಹಾಕಿದ್ರೂ ಅವರಿಗೆ ಹತ್ತುವುದಿಲ್ಲ. ಊರಲ್ಲಿ ನಾನು ಅವರನ್ನು ಉಪವಾಸ ಕೆಡವುವುದು ಅಂತ ಮಾತಾಡ್ತಾರೆ. ನೀವಾದ್ರೂ ಸ್ವಲ್ಪ ಹೇಳಿ.”

“ಹೇಳುವುದು ಬೇಡ ಹರಿಣಾಕ್ಷಿ. ಹಾಗೇ ಇರಲಿ,” ಎಂದರು ಸಾಹೇಬರು. ಅವರ ದನಿಯಲ್ಲಿ ಈದ್ ಹಬ್ಬದ ಸಂತೋಷವಿತ್ತು.

ಸಾಲಿಮನ ಬದಲು ಮೋಹನದಾಸ ಎಂದಾಯಿತು. ಹೊರಡುವುದು ಸೆಪ್ಟೆಂಬರ್ ಐದು, ಮರಳುವುದು ಹದಿನೈದರ ಮೇಲೆ, ಆಕಾಶ ಬಿಟ್ಟಾಗ. ಸುದ್ದಿ ತಿಳಿದ ರಾತ್ರಿ ಹರಿಣಾಕ್ಷಿ ಅನ್ನದ ತಟ್ಟೆಯನ್ನು ಅವನೆದುರು ಕುಕ್ಕಿ ಇಟ್ಟಳು. ಮೋಹನದಾಸನಿಗೆ ಉಳಿದದ್ದು ಒಂದೇ ಭರವಸೆ, ಅಮೆರಿಕದ ವೀಸಾ. ಅದು ತನ್ನಂಥವನಿಗೆ ಸಿಗುವುದುಂಟೇ? ಸಂದರ್ಶನದಲ್ಲಿ ಅವನು ಒಂದೂ ಸುಳ್ಳು ಹೇಳಲಿಲ್ಲ. ಏಕೆ ಹೋಗುತ್ತೀರಿ ಎಂದಾಗ, ನನಗೆ ಮನಸ್ಸಿಲ್ಲ, ಕಳಿಸುತ್ತಿದ್ದಾರೆ ಎಂದ. ವಾಪಸು ಬರುತ್ತೀರಾ ಎಂದಾಗ, ಬಿಟ್ಟರೆ ಮರುದಿನವೇ ಎಂದ. ಅಧಿಕಾರಿಗೆ ಕಣ್ಣು ತುಂಬಿ ಬಂದಿರಬೇಕು. ಆ ಕಿಟಕಿಯ ಎದುರು ಅಮೆರಿಕ ಬೇಡವೆಂದು ಅಷ್ಟು ಪ್ರಾಮಾಣಿಕವಾಗಿ ಗೋಗರೆದವನು ಬೇರೆ ಇರಲಾರ. ಅಧಿಕಾರಿ ಹತ್ತು ವರ್ಷದ ವೀಸಾ ಒತ್ತಿ ಕಳಿಸಿದ. ಬನಿಯಾಸಿನ ಅರ್ಧ ಜನ ಅದನ್ನು ಮುಟ್ಟಿ ನೋಡಲು ಬಂದರು.

ಇನ್ನು ಉಳಿದ ದಾರಿ ಒಂದೇ: ಮೂರು ಕಿಲೋ ದಪ್ಪಗಾಗುವುದು. ಜೀವಮಾನವಿಡೀ ಪರರ ಪೆಟ್ಟಿಗೆಯಿಂದ ತೂಕ ಇಳಿಸಿದವನು ಈಗ ತನಗೇ ತುಂಬತೊಡಗಿದ. ಬೆಳಿಗ್ಗೆ ತುಪ್ಪದಲ್ಲಿ ಮುಳುಗಿಸಿದ ಖುಬೂಸ್ ರೊಟ್ಟಿ, ಮಧ್ಯಾಹ್ನ ಇಬ್ಬರಿಗಾಗುವಷ್ಟು ಬಿರಿಯಾನಿ, ಸಂಜೆ ಕಿಲೋಗಟ್ಟಲೆ ಖರ್ಜೂರ. ಹರಿಣಾಕ್ಷಿಗೆ ಕಾರಣ ಹೊಳೆದ ದಿನದಿಂದ ಕೋಪ ಇಳಿಯಿತು. ಎರಡು ತಿಂಗಳು ಅವಳ ಒಲೆ ಆರಲಿಲ್ಲ. ಆದರೆ ತಿಂದದ್ದು ಎಲ್ಲಿ ಹೋಗುತ್ತಿತ್ತೋ. ದಿನವೂ ತಕ್ಕಡಿ ಹತ್ತಿದರೆ ಮುಳ್ಳು ಐವತ್ನಾಲ್ಕರಲ್ಲಿ ಧ್ಯಾನಕ್ಕೆ ಕೂತಿರುತ್ತಿತ್ತು.

ಆಗಸ್ಟ್ ಕೊನೆಯ ಗುರುವಾರ ಸಾಹೇಬರು ಅಂಗಡಿಯಲ್ಲಿ ಅಂತಿಮ ತೂಕ ಇಟ್ಟರು. ಮೊದಲು ಸಾಮಾನು, ಆಮೇಲೆ ಸಾಹೇಬರು. ಕೊನೆಗೆ ಮೋಹನದಾಸ ಒಳಗೆ ಬಂದ. ಹೊರಗೆ ನಲವತ್ತೇಳು ಡಿಗ್ರಿ. ಅವನು ಕೋಟು ಹಾಕಿದ್ದ.

ತಕ್ಕಡಿ ಅರವತ್ತೊಂದು ಕಿಲೋ ಇನ್ನೂರು ಗ್ರಾಂ ತೋರಿಸಿತು. “ದಪ್ಪ ಆದೆ ಸಾಹೇಬ್ರೇ, ಎಂತ ಮಾಡುವುದು. ವಿಮಾನಕ್ಕೆ ತೊಂದರೆ ಬೇಡ,” ಎಂದು ಅವನು ದುಃಖದ ಮುಖ ಮಾಡಿದ.

“ಕೋಟು ತೆಗೆ.”

“ಏಸಿ ಜೋರುಂಟು. ಚಳಿ.”

“ಮೋಹನದಾಸ್,” ಎಂದರು ಸಾಹೇಬರು ಬಹಳ ಮೆಲ್ಲಗೆ, “ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ತಂಗಿಯ ಮದುವೆಗೆ ಹೋಗುವಾಗ ಈ ಕೋಟಿನ ವಿದ್ಯೆ ನನಗೆ ಕಲಿಸಿದವನು ಯಾರು?”

ಮೋಹನದಾಸ ಕೋಟು ತೆಗೆದ. ಕಿಸೆಗಳಿಂದ ಒಂದು ಹಾಲಿನ ಪುಡಿಯ ಡಬ್ಬ, ಎರಡು ಕಟ್ಟು ಖರ್ಜೂರ, ಒಂದು ಹಿತ್ತಾಳೆ ಬೀಗ, ಆರು ಬ್ಯಾಟರಿ ಹೊರಬಂದವು. ಮುಳ್ಳು ಐವತ್ನಾಲ್ಕಕ್ಕೆ ಇಳಿದು ನಿಂತಿತು. ತಕ್ಕಡಿ ಕೆಟ್ಟಿದೆ ಎನ್ನುವಂತೆಯೂ ಇರಲಿಲ್ಲ. ಪ್ರತಿ ಸೋಮವಾರ ಅದನ್ನು ಸರಿಪಡಿಸುತ್ತಿದ್ದವನು ಅವನೇ. ಸಾಹೇಬರು ‘ಯಲ್ಲಾ, ಹೊರಡುವಾ’ ಎಂದು ಎದ್ದರು. ಹೋಗುವಾಗ, ಅಲಾಸ್ಕದ ದಿನಗಳನ್ನು ನಿನ್ನ ರಜೆಯಲ್ಲೇ ಹಿಡಿದಿದ್ದೇನೆ, ನೀನೇ ಕೇಳಿದ ರಜೆಯಲ್ಲವೇ ಎಂದೂ ಹೇಳಿದರು.

ಸಂಜೆ ಮನೆಯಲ್ಲಿ ಹರಿಣಾಕ್ಷಿ ನೆಲದ ಮೇಲೆ ಸೂಟ್‌ಕೇಸು ತೆರೆದಿಟ್ಟು ಕೂತಿದ್ದಳು. ಇವನ ಟಿಕೆಟ್ ರದ್ದಾಗಿತ್ತು, ಟಿಕೆಟಿನ ಜೊತೆಗೆ ಮೂವತ್ತು ಕಿಲೋ ಸಾಮಾನಿನ ಹಕ್ಕೂ ಹೋಗಿತ್ತು. ಇಬ್ಬರ ಉಡುಗೊರೆ ಒಬ್ಬಳ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿ, ಬೈಯಲಿಲ್ಲ. ಬೈಗುಳಕ್ಕೂ ಶಕ್ತಿ ಬೇಕಲ್ಲ.

“ಎಲ್ಲ ಸೇರಿ ನಿಮ್ಮ ವಿಮಾನದಲ್ಲಿ ಎಷ್ಟಾಯ್ತು?”

“ಮುನ್ನೂರ ಐವತ್ತೆಂಟು.”

“ಇನ್ನು ಎರಡು ಕಿಲೋ ಜಾಗ ಉಂಟು ಹಾಗಾದ್ರೆ.”

ಇಷ್ಟಾದರೂ ತನ್ನ ಬಗ್ಗೆ ಯೋಚಿಸುತ್ತಿದ್ದಾಳಲ್ಲ, ಉಪ್ಪಿನಕಾಯಿ ಕಟ್ಟಿಕೊಡುತ್ತಾಳೇನೋ ಎಂದು ಮೋಹನದಾಸನ ಮನಸ್ಸು ಕರಗಿತು. ಅವಳು ಕೈ ಚಾಚಿದಳು.

“ಆ ಕೋಟು ಇಲ್ಲಿ ಕೊಡಿ. ಸುಪ್ರೀತಾಳ ಸಾಮಾನು ಹಾಕ್ಲಿಕ್ಕೆ.”

“ಅಲಾಸ್ಕದಲ್ಲಿ ಹಿಮ ಬೀಳ್ತದೆ ಮಾರಾಯ್ತಿ. ನನಗೆ ಬೇಡ್ವಾ ಕೋಟು?”

“ಅದರ ತೂಕ ಎಷ್ಟು, ನೀವೇ ಹೇಳಿ.”

ಮೋಹನದಾಸ ಅಭ್ಯಾಸಬಲದಿಂದ ಕೋಟನ್ನು ಅಂಗೈಯಲ್ಲಿ ಒಮ್ಮೆ ಮೇಲಕ್ಕೆತ್ತಿ ಇಳಿಸಿದ. ಸುಳ್ಳು ಹೇಳಬಹುದಿತ್ತು, ಇಪ್ಪತ್ತನಾಲ್ಕು ವರ್ಷದ ಕೈ ಕೇಳಲಿಲ್ಲ.

“ಎರಡು ಕಿಲೋ ನಾನೂರು,” ಎಂದ.

ಹರಿಣಾಕ್ಷಿ ತಲೆಯಾಡಿಸಿ ಕೋಟನ್ನು ತೆಗೆದುಕೊಂಡು, ಎಡಗಡೆಯ ಕಿಸೆಗೆ ಹಾಲಿನ ಪುಡಿಯ ಡಬ್ಬ ತುರುಕಿದಳು.